ಹಿಮಕ್ಕೆ ಎಸೆದ ರೊಟ್ಟಿ

ಹುಚ್ಚೆಳ್ಳು ಚಟ್ನಿಯ ವಾಸನೆ ಬಂದರೆ ನನಗೆ ಈಗಲೂ ದುದ್ದದ ಗದ್ದೆಬದು ನೆನಪಾಗುತ್ತದೆ. ಅಪ್ಪ ಅಲ್ಲಿ ಮೇಷ್ಟ್ರಾಗಿದ್ದರು. ಗೆಳತಿ ದೇವಿರಮ್ಮ ಅವಳಪ್ಪನಿಗೆ ಬುತ್ತಿ ಒಯ್ಯುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಬಟ್ಟೆಯ ಗಂಟು ಬಿಚ್ಚಿದೊಡನೆ ಆ ವಾಸನೆ.

ಅವಳನ್ನು ಬಂಡೂರಿಗೆ ಕೊಟ್ಟರು. ಮೊನ್ನೆ ಅಲ್ಲಿಂದ ಫೋನ್ ಮಾಡಿ ಮಂಡ್ಯದಲ್ಲಿದ್ದ ನನ್ನನ್ನು ಕರೆಸಿಕೊಂಡಳು. ಯುದ್ಧದ ವರದಿಗಾರ್ತಿ ರಂಜನಿ ಅವಳ ಮನೆಗೆ ಬರುವವಳಿದ್ದಳು. ಪೇಟೆಯಲ್ಲೇ ಬೆಳೆದವಳು, ಹಲವು ದೇಶಗಳ ಯುದ್ಧ ಕಂಡು ಪುಸ್ತಕ ಬರೆದವಳು. ಈಚಿನ ಪುಸ್ತಕದಲ್ಲಿ ದೇವಿರಮ್ಮನ ಮಗ, ಸೈನಿಕನಾಗಿದ್ದ ಮಹದೇವು ಇದ್ದ. ಅವನು ಗಡಿಯಲ್ಲಿ ಸಾಯುವ ಹಿಂದಿನ ದಿನ ಅವನೊಡನೆ ಊಟಕ್ಕೆ ಕೂತಿದ್ದೆ ಎಂದು ಬರೆದಿದ್ದಳು.

ಅದನ್ನು ಓದಿ ಹೇಳಿದವಳು ನಾನೇ. ‘ಸಿಟ್ಟಿನಿಂದ ರೊಟ್ಟಿ ಮುರಿದು ಹಿಮಕ್ಕೆ ಎಸೆದ’ ಎಂಬಲ್ಲಿಗೆ ಬಂದಾಗ ದೇವಿರಮ್ಮ ಪುಟಕ್ಕೆ ಕೈ ಅಡ್ಡ ಇಟ್ಟಳು.

“ನನ್ ಮಗ ಅನ್ನ ಎಸೆಯೋನಲ್ಲ. ಇವ್ಳು ಅವನ್ನ ಕಂಡೇ ಇಲ್ಲ ಕಣಮ್ಮ. ಕತೆ ಕಟ್ಟವ್ಳೆ.”

ಸಾಯುವ ಮುನ್ನ ಮಗ ಉಂಡನೇ ಇಲ್ಲವೇ ಎಂಬುದೊಂದೇ ಅವಳಿಗೆ ಬೇಕಾಗಿತ್ತು. ಸುಳ್ಳು ಬರೆದವಳನ್ನು ಕೇಳಿ ಏನು ಪ್ರಯೋಜನ?

ರಂಜನಿ ಬಂದಾಗ ದೇವಿರಮ್ಮನ ಮೈದುನ ಕೆಂಪರಾಜು ಅವಳ ಚೀಲವನ್ನೇ ದಿಟ್ಟಿಸಿದ. “ಮಾತ್ ಇಡ್ಯೋ ಮಿಸಿನ್ನು ಇದ್ರೆ ಆಚ್ಗೆ ಮಡಗವ್ವ.”

ಅವಳು ಫೋನನ್ನು ಅವನ ಕೈಗೇ ಕೊಟ್ಟಳು. ಅಷ್ಟು ಗುಮಾನಿಯಲ್ಲೂ ಅವನು ಅದನ್ನು ಬಿಸಿಲು ತಾಗದ ಗೂಡಿನಲ್ಲಿ ಇಟ್ಟ.

“ಹೊಸ ಪುಸ್ತಕಕ್ಕೆ ಮಹದೇವು ಬೆಳೆದ ಮನೆ ನೋಡಬೇಕಿತ್ತು ಅಮ್ಮ.”

“ಮನೆ ಇರ್ಲಿ. ರೊಟ್ಟಿ ಎಂಗೆ ಎಸ್ದ? ಯೋಳು.”

ಅವಳು ತಡಬಡಿಸಲಿಲ್ಲ, ನೆನಪು ಮಾಡಿಕೊಂಡಳು. “ಬಯಲಲ್ಲಿ ಕೂತಿದ್ವಿ. ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಚೂರು ಮುರಿದು ಪಕ್ಕಕ್ಕೆ ಹಾಕಿದರು.”

“ಬೈದ್ನಾ?”

“ಇಲ್ಲ. ಮಾತೇ ಆಡಲಿಲ್ಲ. ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ರೊಟ್ಟಿ ಕಲ್ಲಿನ ಹಾಗಿತ್ತು. ಸಿಟ್ಟು ಬಂದು ಎಸೆದರು ಅಂದುಕೊಂಡೆ.”

ದೇವಿರಮ್ಮ ಅವಳ ಎದುರಿಗೇ ಬಂದು ಕೂತಳು.

“ಭೂಮ್ತಾಯ್ಗೆ ಕಣವ್ವ ಅದು! ಬಯಲಲ್ಲಿ ಉಣ್ಣಕ್ ಕೂತ್ರೆ ಮೊದಲ್ನೇ ತುತ್ತು ಅವಳ್ಗೆ. ನಮ್ಮಪ್ಪ ಅವುನ್ಗೆ ಕಲ್ಸಿದ್ದು.”

ದುದ್ದದ ಬದುವಿನ ಮೇಲೆ ಅವಳಪ್ಪ ಹಾಗೆ ಮಾಡುವುದನ್ನು ನಾನೂ ಎಷ್ಟೋ ಸಲ ಕಂಡಿದ್ದೆ. ಓದುವಾಗ ಹೊಳೆಯಲೇ ಇಲ್ಲ.

“ಅಂಗಾರೆ ಇವ್ಳು ಅವನ್ನ ಕಂಡವ್ಳೆ, ಬುಡು ಅತ್ಗೆ,” ಎಂದ ಕೆಂಪರಾಜು, ಮೆಲ್ಲಗೆ.

“ಆಮೇಕೆ ಉಂಡ್ನಾ?” ದೇವಿರಮ್ಮ ಮುಂದಕ್ಕೆ ಬಾಗಿ ಕೇಳಿದಳು.

“ಹೊಟ್ಟೆ ತುಂಬ ತಿಂದ್ರು ಅಮ್ಮ. ನನ್ನ ರೊಟ್ಟಿಯಲ್ಲೂ ಅರ್ಧ ಕಿತ್ಕೊಂಡ್ರು.”

“ಅದು ನನ್ ಮಗ್ನೇ!” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸಿಟ್ಟು ಅಂತ ಬರ್ದಿದ್ದೀಯಲ್ಲ, ಮೊದ್ಲು ಅದ ತಿದ್ದು.”

“ತಿದ್ದುತ್ತೇನೆ.”

ದೇವಿರಮ್ಮ ಎದ್ದು ಒಳಗೆ ಹೋದಳು. ಹುಚ್ಚೆಳ್ಳು ಹುರಿದ ವಾಸನೆ ಹಜಾರಕ್ಕೆ ಬಂತು. ತಟ್ಟೆಯಲ್ಲಿ ಬಿಸಿ ಮುದ್ದೆ, ಚಟ್ನಿ, ಒಂದು ಈರುಳ್ಳಿ ಇಟ್ಟು ತಂದಳು. ರಂಜನಿಯ ಕೈಗೆ ಕೊಟ್ಟಳು.