ಮೂಗು ಕಳೆದುಕೊಂಡ ಕಾಗೆ

ನಮ್ಮ ದ್ವೀಪದ ಊರು ಮ್ಯಾಸೆಟ್‌ನಲ್ಲಿ ಮುಖವಾಡ ಕೆತ್ತುವವರು ಎಷ್ಟೇ ಜನ ಇರಲಿ, ಪರ್ಸಿಯ ಕೈ ಬೇರೆಯೇ. ಅದು ಊರಿಗೆಲ್ಲ ಗೊತ್ತಿತ್ತು. ಪರ್ಸಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಸೋದರಮಾವ ತೀರಿಕೊಂಡಾಗ ಮನೆತನದ ಪಟ್ಟ ತನಗೇ ಎಂದು ನಂಬಿದ್ದ. ಆದರೆ ಯಾವ ಅಳಿಯನಿಗೆ ಪಟ್ಟ ಎಂದು ತೀರ್ಮಾನಿಸುವವರು ನಮ್ಮಲ್ಲಿ ಮನೆತನದ ಹೆಂಗಸರು; ಅವರು ಕೂತು ಮಾತಾಡಿ ಅವನ ದೊಡ್ಡಮ್ಮನ ಮಗ ಆಲ್ವಿನ್‌ನನ್ನು ಆರಿಸಿದರು.

ಸ್ವಲ್ಪ ದಿನಕ್ಕೆ ಆಲ್ವಿನ್ ಪರ್ಸಿ ಕೆತ್ತನೆ ಮಾಡುವ ಶೆಡ್ಡಿಗೆ ಬಂದ.

“ಪಟ್ಟದ ಊಟಕ್ಕೆ ಕಾಗೆ ಮುಖವಾಡ ಬೇಕಲ್ಲೋ ತಮ್ಮ. ನೀನಲ್ದೆ ಇನ್ಯಾರು ಮಾಡ್ತಾರೆ?”

“ಯಾವ ಕಾಗೆ ಅಣ್ಣ? ಸೂರ್ಯನ್ನ ಕದ್ದಿದ್ದೋ, ಬೆಸ್ತರ ಗಾಳದ ಎರೆ ಕದಿಯಕ್ಕೋಗಿ ಮೂಗು ಕಿತ್ತುಸ್ಕೊಂಡಿದ್ದೋ?”

“ಜನ ನಗಬೇಕಪ್ಪ. ಮೂಗಿಂದೇ ಮಾಡು.”

ಪರ್ಸಿಗೆ ಅಷ್ಟೇ ಸಾಕಾಗಿತ್ತು. ನಮ್ಮ ಹಳೇ ಕತೆಯಲ್ಲಿ ಕೊಕ್ಕು ಹೋದ ಕಾಗೆಗೆ ಮನುಷ್ಯರ ಮುಖ. ಆ ಹೊಟ್ಟೆಬಾಕನಿಗೆ ಆಲ್ವಿನ್‌ನ ಮುಖವನ್ನೇ ಕೊಟ್ಟುಬಿಡುವುದೆಂದು ಸೀಡರ್ ಮರದ ತುಂಡೊಂದನ್ನು ಎತ್ತಿಕೊಂಡ. ಮೊಂಡುಮೂಗು, ಜೋತುಬಿದ್ದ ಕೆನ್ನೆ, ಎಲ್ಲ ಬಲ್ಲೆನೆಂಬ ಹುಬ್ಬು. ಎಲ್ಲಾದರೂ ಅನುಮಾನ ಬಂದರೆ ತನ್ನ ಮುಖವನ್ನೇ ಮುಟ್ಟಿ ನೋಡಿಕೊಂಡು ಉಳಿ ಹಾಕುತ್ತಿದ್ದ. ಅಕ್ಕತಂಗಿಯರ ಮಕ್ಕಳ ಮೂಗಿಗೆ ಎಷ್ಟು ವ್ಯತ್ಯಾಸ ಇದ್ದೀತು!

ಊಟದ ದಿನ ಆ ಮುಖವಾಡ ಕಟ್ಟಿಕೊಂಡು ಕುಣಿಯುವವನು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಹಾಲ್‌ಗೆ ನುಗ್ಗಿ, ನಡುವೆ ನಿಂತು ಕೈ ತೆಗೆದ. ಜನ ಸೂರು ಹಾರುವಂತೆ ನಕ್ಕರು. ಪರ್ಸಿ ಆಸೆಯಿಂದ ಆಲ್ವಿನ್‌ನ ಕಡೆ ನೋಡಿದರೆ ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

“ಅಯ್ಯೋ ಪರ್ಸಿ!” ಮುಂದಿನ ಸಾಲಿನಿಂದ ಅವರಿಬ್ಬರ ಅಜ್ಜಿ ಹೆಸ್ಟರ್ ಕೂಗಿದಳು. “ನಿನ್ ಮುಸುಡೀನ ನೀನೇ ಕೆತ್ಕೊಂಡಿದೀಯಲ್ಲೋ! ಆ ಹುಬ್ಬು ನೋಡ್ರೇ, ಥೇಟ್ ಇವನೇ!”

“ನಾನಲ್ಲ ಅಜ್ಜಿ, ಅದು…” ಎಂದು ಪರ್ಸಿ ಬಾಯಿ ತೆರೆದ. ಮುಂದಕ್ಕೆ ಹೇಳುವ ಹಾಗಿರಲಿಲ್ಲ.

ಆಲ್ವಿನ್ ಕಣ್ಣೊರೆಸಿಕೊಂಡು ಎದ್ದ. “ನಮ್ಮನ್ನ ನಗಿಸಕ್ಕೆ ತನ್ ಮುಖಾನೇ ಕೊಟ್ಟಿದಾನೆ ನನ್ ತಮ್ಮ. ಇಂಥ ಮನಸು ಯಾರಿಗಿದೆ? ಇನ್ಮೇಲೆ ಈ ಕಾಗೆ ಕುಣಿಯೋನು ಇವನೇ!”

ಅವನಿಗೆ ನಿಜ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾವು ವಾದ ಮಾಡುತ್ತೇವೆ.

ಜನ ಬಿಡಲಿಲ್ಲ. ಪರ್ಸಿ ಮುಖವಾಡ ಕಟ್ಟಿಕೊಂಡು ಕುಣಿತಕ್ಕೆ ಇಳಿದ. ಮೊದಮೊದಲು ನಿಂತಲ್ಲೇ ಹೆಜ್ಜೆ ಹಾಕಿದ. ಡೋಲು ಬಿರುಸಾದಂತೆ ಕತ್ತು ಓರೆ ಮಾಡಿದ, ಕುಪ್ಪಳಿಸಿದ, ಕುಪ್ಪಳಿಸುತ್ತಲೇ ಹಿರಿಯರ ಮೇಜಿಗೆ ಹೋಗಿ ಆಲ್ವಿನ್‌ನ ತಟ್ಟೆಯಿಂದ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನಿನ ತುಂಡೊಂದನ್ನು ಎತ್ತಿಕೊಂಡ. ಆಲ್ವಿನ್ ತಡೆಯಲು ಕೈ ಚಾಚಿ, ಹಿಂದಕ್ಕೆಳೆದುಕೊಂಡ. ಕಾಗೆ ಕದ್ದರೆ ಕೇಳುವವರುಂಟೇ?

“ಆ ದೊಡ್ಡದನ್ನ ಬಿಟ್ಯಲ್ಲೋ!” ಎಂದಳು ಅಜ್ಜಿ.

ಕಾಗೆ ಅದನ್ನೂ ಬಿಡಲಿಲ್ಲ.