ಬಿಸಿಲಾಗ ಕಾಣದ ಚಿತ್ರ

ಬೋರಾಮಣಿ ಮಾಳದಾಗ ಕುರಿ ಬಿಟ್ಟು ಕುಂತಿದ್ದ ರೇವಮ್ಮನ ಮೊಬೈಲ್ ಟಿಣ್ ಅಂತು. ಬಿಸಿಲಿಗೆ ಚಿತ್ರ ಕಾಣಲಿಲ್ಲ, ಮಾತಷ್ಟ ಕೇಳಿಸ್ತು: "ಪಂಚಾಯ್ತಿಗೆ ನಿಂತ ಅಕ್ಕನಾಗಮ್ಮ ಬೀರೋಬಾನ ಭಂಡಾರ ಕೈಲೆ ನೂಕ್ಯಾಳ, ನೋಡ್ರಿ!"

ಭಂಡಾರ ಅಂದರ ದೇವರ ಅರಿಶಿಣ. ಅದನ್ನ ನೂಕೂದಾ? ಅದೂ ಅಕ್ಕನಾಗಮ್ಮ? ಒಂದೇ ವರ್ಷ ಈ ಊರಿಗೆ ಸೊಸ್ತ್ಯಾರಾಗಿ ಬಂದ ಗೆಳತ್ಯಾರು ಇಬ್ಬರೂ. ರೇವಮ್ಮ ಸಿಟ್ಟಿನ ಭರಕ್ಕ ನಾಕು ಗ್ರೂಪಿಗೆ ಕಳಿಸೇಬಿಟ್ಟಳು. ಹೌದ್ರಿ, ನೋಡದೇ!

ಮನಿಗಿ ಬಂದು ನೀರು ಸುದ್ದಾ ಕುಡೀಲಿಲ್ಲ. "ಸಪ್ನಾ, ನಾಳಿ ಆಕಿಗಿ ವೋಟಿಲ್ಲ. ಆಕಿ ಹೊಸ್ತಿಲಾನೂ ತುಳ್ಯಾಂಗಿಲ್ಲ."

ಸೊಸಿ ಸಪ್ನಾ ಮೊಬೈಲ್ ಇಸಗೊಂಡಳು. "ಅತ್ತಿ, ನೀವು ಚಿತ್ರ ನೋಡೀರೇನ್ರಿ?"

"ಕೇಳೀನಲ್ಲ, ಸಾಕು. ಸುಳ್ಳಿದ್ದರ ಇಷ್ಟು ಮಂದಿ ಯಾಕ ಕಳಸ್ತಾರ?"

"ನಿಮ್ಮಂಗ ಅವರೂ ನೋಡದೇ ಕಳಿಸಿರಬೇಕು. ಬರ್ರಿ, ನೆಳ್ಳಾಗ ನೋಡ್ರಿ."

ಎಂಟೇ ಸೆಕೆಂಡು. ಗುಡಿ ಅಂಗಳ. ಪೂಜಾರಿ ಹಣಿಗಿ ಭಂಡಾರ ಹಚ್ಚಾಕ ಬರತಾನ, ಕರಿ ಚಸ್ಮಾ ಹಾಕ್ಕೊಂಡ ಅಕ್ಕನಾಗಮ್ಮ ಕೈ ಅಡ್ಡ ಹಿಡೀತಾಳ. ಅಲ್ಲಿಗೆ ಮುಗೀತು.

ರೇವಮ್ಮ ಕಟ್ಟಿ ಮ್ಯಾಲ ಕುಂತಳು. "ಅಯ್ಯ ನನ ಶಿವನ! ಇದು ಆಕಿ ಸೊಲ್ಲಾಪುರದಾಗ ಕಣ್ಣಿನ ಆಪರೇಶನ್ ಮಾಡಿಸ್ಕೊಂಡು ಬಂದ ವಾರದ್ದು. ಕಣ್ಣಾಗ ಪುಡಿ ಬೀಳಬಾರದು ಅಂದಿದ್ದರು ಡಾಕ್ಟರ್. ಹಣಿಗಿ ಬ್ಯಾಡ, ಅಂಗೈಗಿ ಹಾಕ್ರಿ ಅಂದಾಕಿ ನಾನೇ. ಆಕಿ ಅದನ್ನ ಎದಿಗೊತ್ತಿಗೊಂಡಳು, ನಾ ಕಣ್ಣಾರೆ ನೋಡೀನಿ."

"ಅದನ್ನ ಕತ್ತರಿಸಿ ತಗದಾರ್ರಿ ಅತ್ತಿ."

ರೇವಮ್ಮ ಅತ್ತೇಬಿಟ್ಟಳು. ಕಳಿಸಿದ್ದನ್ನ ಅಳಿಸಿದರೂ ಅದು ಆಗಲೇ ಯಾರ್‍ಯಾರ ಮೊಬೈಲಿಗೋ ಹೋಗಿತ್ತು. ಸಪ್ನಾ ಮೊಬೈಲ್ ಅತ್ತಿ ಬಾಯಿ ಹತ್ರ ಹಿಡಿದಳು. "ನಾನು ರೇವಮ್ಮ. ನೋಡದೇ ಕಳಿಸೀನಿ, ತಪ್ಪಾತು. ಖರೇ ಸಂಗತಿ ಕೇಳ್ರಿ" ಅಂತ ರೇವಮ್ಮ ನಾಕೂ ಗ್ರೂಪಿಗೆ ಎಲ್ಲಾ ಹೇಳಿದಳು. ಅದು ಎಷ್ಟು ಮಂದಿಗಿ ಮುಟ್ಟಿತೋ, ಗೊತ್ತಿಲ್ಲ.

ಆಮ್ಯಾಲ ಗೆಳತಿ ಮನಿಗಿ ಓಡಿದಳು. "ಕಳಿಸಿದಾಕಿ ನಾನೇ, ಅಕ್ಕನಾಗಮ್ಮ."

ಅಕ್ಕನಾಗಮ್ಮ ತನ್ನ ಮೊಬೈಲ್ ತಗದು ತೋರಿಸಿದಳು. "ಊರು ಅಂದದ್ದು ತಾಳ್ಕೊಂಡಿದ್ದೆ ರೇವಿ. ನಿನ್ನ ಹೆಸರು ನೋಡಿ ಊಟಾನೇ ಸೇರಲಿಲ್ಲ." ಆಮ್ಯಾಲ ಕೈ ಹಿಡಿದಳು. "ವೋಟು ಬಂದಷ್ಟು ಬರಲಿ. ಬಾ, ಇಬ್ಬರೂ ಕೂಡಿ ಉಣ್ಣೂಣು."

ಅಕ್ಕಗೋಳಿರಾ, ಅಣ್ಣಗೋಳಿರಾ, ಚುನಾವಣಿ ಬಂತಂದರ ನಿಮ್ಮ ಮೊಬೈಲಿಗೂ ಇಂಥಾವು ಬರತಾವ. ಮುಂದಕ ಕಳಿಸೂಕಿಂತ ಮೊದಲು ಪೂರಾ ನೋಡ್ರಿ. ಯಾವಾಗಿಂದು, ಯಾರು ಕಳಿಸ್ಯಾರ ಕೇಳ್ರಿ. ಚಿತ್ರದಾಗಿನ ಮನುಷ್ಯಾರಿಗೇ ಒಂದು ಫೋನ್ ಹಚ್ರಿ. ರೇವಮ್ಮಗ ಅಕ್ಕನಾಗಮ್ಮನ ಮನಿ ಎರಡೇ ಓಣಿ ಆಚಿ ಇತ್ತು.