ಸೂತ್ರ ಎಲ್ಲಿ

ಹೊಲಿಗೆ ಮೆಷಿನ್ನು ನಿಂತುಹೋಯ್ತು, ನನ್ನನ್ನ ನೋಡೇ ನಿಲ್ಲಿಸಿದ್ದು, ಬನ್ನಿ ಮಿಸ್ ಒಳಗೆ ಬನ್ನಿ ಅಂತ ಕುಲ್ಸುಂಳ ಅಮ್ಮ ಸಾಬಿರಾ ಸ್ಟೂಲ್ ಮೇಲಿನ ಬಟ್ಟೆ ಎತ್ತುತ್ತಿದ್ದಾಳೆ, ನಾಲ್ಕೂ ಹತ್ತು, ಇಂದಿರಾನಗರದ ಶನಿವಾರದ ಪ್ರತಿಭಾ ತರಗತಿಗೆ ಐದರೊಳಗೆ ಫಾರಂ ಕಳಿಸಬೇಕು, ಸ್ಕೂಲಿಗೆ ಒಂದೇ ಹೆಸರು, ಲಿಖಿತ್‌ದು ಬರೆದು ಮುಗಿಸಿ ಪದ್ಮಶ್ರೀ ಮೇಡಂ, ತೊಂಬತ್ತೇಳು ತಗೊಂಡಿದಾನಲ್ಲ ಅಂದರು ಹೆಡ್ ಮಾಸ್ಟರ್ ಮಾನಪ್ಪ, ಸರ್ ಇದರಲ್ಲಿ ಮಾರ್ಕ್ಸ್ ಕೇಳೇ ಇಲ್ಲ, ಮಗು ಸ್ವಂತವಾಗಿ ಯೋಚಿಸಿದ ಒಂದು ಹಾಳೆ ಲಗತ್ತಿಸಿ ಅಂತಿದೆ, ಅದನ್ನ ಓದಿದಾಗಲೇ ಕುಲ್ಸುಂ ಹಾಳೆ ನೆನಪಾದದ್ದು, ಶಿವಾಜಿನಗರದ ಈ ಗಲ್ಲಿಗೆ ಓಡಿ ಬಂದದ್ದು — ಉಮ್ಮೆ ಕುಲ್ಸುಂ ಎಲ್ಲಿ, ಅಗೋ ಮೂಲೆಯಲ್ಲಿ, ಬಟನ್ ಹೊಲಿಯುತ್ತಾ, ತಲೆ ಎತ್ತಲಿಲ್ಲ, ಎಂಟು ದಿನದಿಂದ ಕ್ಲಾಸಿಗೆ ಬಂದಿಲ್ಲ, ಅವತ್ತು ಟೆಸ್ಟಿನಲ್ಲಿ ತ್ರಾಪಿಜ್ಯದ ವಿಸ್ತೀರ್ಣ ಕೇಳಿದ್ದೆ, ಮೇಲೆ ನಾಲ್ಕು, ಕೆಳಗೆ ಎಂಟು, ಎತ್ತರ ಇಪ್ಪತ್ತು, ಇವಳು ಸೂತ್ರವೇ ಬರೆಯದೆ ಅದೇ ಆಕಾರ ಇನ್ನೊಂದನ್ನ ತಲೆಕೆಳಗು ಮಾಡಿ ಪಕ್ಕಕ್ಕೆ ಕೂಡಿಸಿದ್ದಳು, ಎರಡೂ ಸೇರಿ ಹನ್ನೆರಡು ಪಾದದ ಸಮಾನಾಂತರ ಚತುರ್ಭುಜ, ಅದರಲ್ಲಿ ಅರ್ಧ, ನೂರಿಪ್ಪತ್ತು, ನಾನು ಕೆಂಪು ಪೆನ್ನಲ್ಲಿ ಸೂತ್ರ ಎಲ್ಲಿ ಅಂತ ಗೀಚಿ ಸೊನ್ನೆ ಸುತ್ತಿದೆ, ಅಷ್ಟಕ್ಕೇ ಬಿಟ್ಟಿದ್ದರೆ — ಇಲ್ಲ, ಎಬ್ಬಿಸಿ ನಿಲ್ಲಿಸಿ ಕೇಳಿದೆ, ಯಾರದ್ದು ನೋಡಿ ಬರೆದೆ ನಿಜ ಹೇಳು, ಇಲ್ಲ ಮಿಸ್, ಅಮ್ಮಿ ಫ್ರಾಕ್ ಕತ್ತರಿಸೋವಾಗ ತುಂಡು ಹಿಂಗೇ ಇಡ್ತಾರೆ, ಒಂದು ಸೀದಾ ಒಂದು ಉಲ್ಟಾ, ಬಟ್ಟೆ ವೇಸ್ಟ್ ಆಗಲ್ಲ, ಕ್ಲಾಸೆಲ್ಲ ನಕ್ಕಿತು, ನಾನೂ, ಹೌದು, ನಾನೂ ನಕ್ಕೆ, ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ಹಾಳೆ ನನ್ನ ಕೈಗೆ ಬಂದದ್ದು ಒಂದೇ — ಆ ಹಾಳೆ ಕೊಡಮ್ಮ, ಹರಿದು ಹಾಕ್ಬಿಟ್ಟಳು ಮಿಸ್, ಅವಳಿಗೆ ನನ್ನ ಮೇಲೇ ಸಿಟ್ಟು, ನಿಮ್ಮ ಹೊಲಿಗೆಯಿಂದಾನೇ ಎಲ್ಲ ನಕ್ಕರು ಅಂತಾಳೆ, ಸಾಬಿರಾ ಹೇಳ್ತಿದಾಳೆ, ತಪ್ಪು ನನ್ನದು ಕುಲ್ಸುಂ, ನೀನು ಮಾಡಿದ್ದೇ ಸರಿ, ಇನ್ನೊಂದ್ಸಲ ಬರಿ, ನಿಂಗೆ ಹೆಂಗನ್ಸುತ್ತೋ ಹಂಗೆ, ನಾಲ್ಕೂ ಇಪ್ಪತ್ತೈದು, ಬರೀತಿದಾಳೆ, ಅಬ್ಬ, ಬರೀತಿದಾಳೆ, ಸ್ಕೇಲ್ ತಗೊಂಡಳು, ಸ್ಕೇಲ್ ಯಾಕೆ, ಮಾರ್ಜಿನ್ ಎಳೆದಳು, ದತ್ತಾಂಶ, ಆಮೇಲೆ ಸೂತ್ರ, ಅರ್ಧ ಗುಣಿಸು ಎತ್ತರ ಗುಣಿಸು ಆವರಣದೊಳಗೆ ಎ ಕೂಡಿಸು ಬಿ, ನಾನು ಬೋರ್ಡಿನ ಮೇಲೆ ಬರೆಸಿದ ಹಾಗೇ, ಸಾಲಿಗೆ ಸಾಲು, ಅಕ್ಷರ ಕೂಡ ನನ್ನದೇ, ಚಿತ್ರವಿಲ್ಲ, ಒಂದು ಚಿತ್ರವೂ ಇಲ್ಲ, ಈಗ ಸರಿ ಇದೆಯಾ ಮಿಸ್ ಅಂತ ಮೊದಲ ಸಲ ನನ್ನ ಮುಖ ನೋಡ್ತಾಳೆ, ಸರಿ ಇದೆ ಅಂದೆ, ಸರಿ ಇದೆ, ಉತ್ತರದ ಕೆಳಗೆ ನಾನು ಕಲಿಸಿದ ಹಾಗೇ ಸ್ಕೇಲಿಟ್ಟು ಎಳೆದ ಎರಡು ಗೆರೆ, ಒಂದರ ಕೆಳಗೊಂದು, ನೇರ, ಎಷ್ಟು ನೇರ, ಎರಡು ಗೆರೆ —